ಆಯಿಲ್ ಫಿಲ್ಟರಿನ ತಲೆಗೆ ಕಟ್ಟುವ ಅಪರಾಧ

ಕಳೆದ ಮಾಘಮಾಸದಲ್ಲಿ ಶಿವಮೊಗ್ಗೆಯ ಮದುವೆಯೊಂದಕ್ಕೆಂದು ಸಂಸಾರಸಮೇತನಾಗಿ ಹೊರಟಿದ್ದ ನನ್ನ ಕಾರು, ತಿಪಟೂರನ್ನು ದಾಟಿ ಅರಸೀಕೆರೆಯನ್ನು ಮುಟ್ಟುವ ಮೊದಲೇ, ಎಣ್ಣೆಯ ಕೆಂಪು ದೀಪವನ್ನು ಒಮ್ಮೆ ಬೆಳಗಿಸಿ, ನಾನು ಅದರ ಅರ್ಥವನ್ನು ಗ್ರಹಿಸಿ ರಸ್ತೆಯ ಪಕ್ಕಕ್ಕೆ ತರುವಷ್ಟರಲ್ಲಿ, ಕರ್ಕಶವಾದೊಂದು ಶಬ್ದವನ್ನು ಮಾಡಿ ನಿಂತುಬಿಟ್ಟಿತು. ಇಂಜಿನ್ ಸೀಜ್ ಆಗಿತ್ತು. ಮೂರು ದಿನಗಳ ಹಿಂದೆಯಷ್ಟೇ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿಕೊಟ್ಟಿದ್ದ ಗ್ಯಾರೇಜಿಗೆ ಫೋನ್ ಮಾಡಿದರೆ, ವಾಹನವನ್ನು ಕಣ್ಣಿನಿಂದ ಕಾಣದೆಯೇ ಅಲ್ಲಿಂದ ತೀರ್ಪು ಬಂತು: “ನೀವು ತಂದುಕೊಟ್ಟ ಫಿಲ್ಟರ್ ಡೂಪ್ಲಿಕೇಟ್ ಇರಬೇಕು ಸಾರ್.” ಫಿಲ್ಟರನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಕೊಂಡುತಂದವನು ನಾನೇ ಆದ್ದರಿಂದ, ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಅರಸೀಕೆರೆಯ ಹೊರವಲಯದ ಸಣ್ಣ ಗ್ಯಾರೇಜೊಂದರಲ್ಲಿ. ಅಲ್ಲಿಯ ವೃದ್ಧ ಮಿಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ ಫಿಲ್ಟರನ್ನು ತಿರುವಿ ಬಿಚ್ಚಿ, ಅದು ಕೂರುವ ಜಾಗದ ಸುತ್ತ ಹೆಬ್ಬೆರಳನ್ನು ಆಡಿಸಿದ್ದು. ಹಿಂದಿನ ಫಿಲ್ಟರಿನ ರಬ್ಬರ್ ರಿಂಗು, ಶಾಖಕ್ಕೆ ಚಪ್ಪಟೆಯಾಗಿ, ಕಲ್ಲಿನಂತೆ ಗಟ್ಟಿಯಾಗಿ, ಇಂಜಿನ್ನಿನ ಲೋಹಕ್ಕೇ ಅಂಟಿಕೊಂಡು ಉಳಿದಿತ್ತು. ಅದನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಬಿಗಿದಿದ್ದರು. ಒಂದರ ಮೇಲೊಂದು ಕೂತ ಎರಡು ರಿಂಗುಗಳು ಎಣ್ಣೆಯ ಒತ್ತಡಕ್ಕೆ ಇಂದೋ ನಾಳೆಯೋ ಜಾರಿಯೇ ತೀರುತ್ತವೆ. ಜಾರಿದ ಮೇಲೆ ಇಂಜಿನ್ನಿನ ಎಣ್ಣೆಯೆಲ್ಲ ರಸ್ತೆಯ ಪಾಲಾಗುವುದಕ್ಕೆ ಕೆಲವು ನಿಮಿಷಗಳು ಸಾಕು. ಅನಂತರ ಆತ ಫಿಲ್ಟರಿನ ಡಬ್ಬಿಯನ್ನೇ ಕುಯ್ದು ತೋರಿಸಿದ. ಗರಗಸ ಹಾಕಿದರೆ ಅದರ ಪುಡಿಯೇ ಒಳಕ್ಕೆ ಬಿದ್ದು ನೋಡುವವನನ್ನು ಮೋಸಗೊಳಿಸುತ್ತದೆಂದು ಹೇಳಿ, ಪೈಪು ಕತ್ತರಿಸುವ ಚಕ್ರವನ್ನು ಸುತ್ತ ಉರುಳಿಸಿ ಮುಚ್ಚಳವನ್ನು ಬೇರ್ಪಡಿಸಿದ. ಕಾಗದದ ಮಡಿಕೆಗಳು ಒಂದೂ ಹರಿದಿರಲಿಲ್ಲ. ನಡುವಣ ಕೊಳವೆ ನೆಟ್ಟಗಿತ್ತು. ಸ್ಪ್ರಿಂಗೂ ವಾಲ್ವೂ ಸ್ವಸ್ಥಾನದಲ್ಲಿದ್ದವು. “ಫಿಲ್ಟರ್‌ದೇನೂ ತಪ್ಪಿಲ್ಲ ಸ್ವಾಮಿ, ಹಾಕಿದ ಕೈದು” ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ಇಂಜಿನ್ ಕೆಟ್ಟೊಡನೆ ಆಯಿಲ್ ಫಿಲ್ಟರಿನ ಕಡೆಗೆ ಬೆರಳು ತೋರಿಸುವ ಅಭ್ಯಾಸ ಇಂದು ಆ ಸ್ಥಿತಿಯನ್ನು ಮುಟ್ಟಿದೆ. ಕಳಪೆ ಫಿಲ್ಟರು ನಿರಪರಾಧಿಯೆಂದು ನಾನು ವಾದಿಸುತ್ತಿಲ್ಲ. ಅದರ ಅಪರಾಧದ ಸ್ವರೂಪ ಬೇರೆ, ಅದು ಬಿಟ್ಟುಹೋಗುವ ಕುರುಹು ಬೇರೆ, ಆ ಕುರುಹನ್ನು ಪರೀಕ್ಷಿಸದೆ ಅದನ್ನು ದಂಡಿಸತಕ್ಕದ್ದಲ್ಲ ಎಂಬುದಷ್ಟೇ ನನ್ನ ಪಕ್ಷ.

ಫಿಲ್ಟರಿಲ್ಲದ ಮಾತ್ರಕ್ಕೆ ಇಂಜಿನ್ ಒಮ್ಮೆಲೇ ಸಾಯುವುದಿಲ್ಲ. ಮೋಟಾರು ವಾಹನವು ಜನ್ಮತಾಳಿ ಸುಮಾರು ನಾಲ್ಕು ದಶಕಗಳವರೆಗೆ ಅದಕ್ಕೆ ಇಂದಿನ ಅರ್ಥದ ಆಯಿಲ್ ಫಿಲ್ಟರೇ ಇರಲಿಲ್ಲ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತನು ಪ್ಯೂರೋಲೇಟರ್ ಎಂಬ ಹೆಸರಿನ ಶೋಧಕವನ್ನು ರಚಿಸಿದ ತರುವಾಯವೇ ಅದು ಕ್ರಮೇಣ ವಾಹನದ ಅಂಗವಾಯಿತು. ಅಷ್ಟು ದೂರ ಹೋಗುವುದೇಕೆ? ನಮ್ಮ ಊರೂರಿನ ಬೀದಿಗಳಲ್ಲಿ ಓಡಾಡುವ ಹೀರೋ ಸ್ಪ್ಲೆಂಡರ್ ಬೈಕಿನಲ್ಲಿ ಕಾಗದದ ಫಿಲ್ಟರು ಇಲ್ಲವೇ ಇಲ್ಲ. ತಿರುಗುವ ಬಟ್ಟಲೊಂದು ಕಸವನ್ನು ಅಂಚಿಗೆ ಎಸೆದು ಹಿಡಿದಿಡುತ್ತದೆ, ತಂತಿಯ ಜಾಲರಿಯೊಂದು ದಪ್ಪ ಚೂರುಗಳನ್ನು ತಡೆಯುತ್ತದೆ, ಗಾಡಿ ವರುಷಗಟ್ಟಲೆ ಓಡುತ್ತದೆ. ಕಾರಿನ ಫಿಲ್ಟರು ಕಟ್ಟಿಕೊಂಡರೂ ಇಂಜಿನ್ನಿಗೆ ಎಣ್ಣೆ ತಪ್ಪದಂತೆ ಬೈಪಾಸ್ ವಾಲ್ವ್ ಎಂಬ ಏರ್ಪಾಡನ್ನು ಮಾಡಿರುತ್ತಾರೆ: ಕಾಗದದ ಎರಡು ಬದಿಗಳ ನಡುವಣ ಒತ್ತಡದ ಅಂತರವು ಮಿತಿಮೀರಿದೊಡನೆ ಆ ಕಿಂಡಿ ತೆರೆದುಕೊಂಡು, ಶೋಧಿಸದ ಎಣ್ಣೆಯನ್ನೇ ಬೇರಿಂಗುಗಳಿಗೆ ಕಳುಹಿಸುತ್ತದೆ. ಕೊಳಕು ಎಣ್ಣೆಯಿಂದ ಇಂಜಿನ್ ಸವೆಯುತ್ತದೆ, ಎಣ್ಣೆಯೇ ಇಲ್ಲದಿದ್ದರೆ ಸಾಯುತ್ತದೆ. ಆದಕಾರಣ ಅದನ್ನು ರಚಿಸಿದವರು ಸಾವಿಗಿಂತ ಸವೆತವೇ ಲೇಸೆಂದು ತೀರ್ಮಾನಿಸಿದರು.

ಆ ಸವೆತವಾದರೋ ಅಲಕ್ಷ್ಯಕ್ಕೆ ಅರ್ಹವಾದುದಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ, ಓಡುತ್ತಿರುವ ಇಂಜಿನ್ನಿನ ಬೇರಿಂಗಿನಲ್ಲಿ ಲೋಹವನ್ನು ಲೋಹದಿಂದ ದೂರವಿಟ್ಟಿರುವ ಎಣ್ಣೆಯ ಪೊರೆ ಕೆಲವೇ ಮೈಕ್ರಾನುಗಳಷ್ಟು ತೆಳ್ಳಗಿರುತ್ತದೆ. ಆ ಪೊರೆಗಿಂತ ದಪ್ಪನಾದ ಕಣವೊಂದು ನಡುವೆ ಸಿಕ್ಕಿದರೆ ಎರಡು ಲೋಹಗಳನ್ನೂ ಗೀರದೆ ಬಿಡದು. 1988ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ಸಂಶೋಧನೆಯೊಂದು ಪ್ರಕಟವಾಯಿತು. 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದಲ್ಲಿ, 30 ಮೈಕ್ರಾನಿನದನ್ನು ಹಾಕಿದಾಗ ಸವೆತವು ಅರ್ಧಕ್ಕೆ ಇಳಿಯಿತೆಂದೂ, 15 ಮೈಕ್ರಾನಿನದನ್ನು ಹಾಕಿದಾಗ ಶೇಕಡಾ 70ರಷ್ಟು ತಗ್ಗಿತೆಂದೂ ಅದರಲ್ಲಿ ಕಂಡುಬಂತು. ಹೆಸರಾಂತ ಕಂಪೆನಿಯ ಡಬ್ಬಿಯನ್ನು ನಕಲು ಮಾಡಿ, ಒಳಗೆ ತೆಳುವಾದ ಕಾಗದವನ್ನು ಬೇಕೆಂದೇ ಕಡಿಮೆ ಮಡಿಕೆಗಳಲ್ಲಿ ತುರುಕಿ ಮಾರುವವನು ಕಸಿದುಕೊಳ್ಳುವುದು ಇಂಜಿನ್ನಿನ ಆಯುಷ್ಯವನ್ನೇ. ಸಾಲ ತೆಗೆದು ಟ್ರ್ಯಾಕ್ಟರ್ ಕೊಂಡ ರೈತನಿಗಾಗಲಿ, ಒಂದೇ ಟ್ಯಾಕ್ಸಿಯಿಂದ ಸಂಸಾರ ಸಾಗಿಸುವವನಿಗಾಗಲಿ, ಇಂಜಿನ್ ಎರಡು ವರ್ಷ ಮೊದಲೇ ಬೋರಿಗೆ, ಎಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸುವ ಕೆಲಸಕ್ಕೆ, ಬರುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಇದು ಕಳ್ಳತನ, ಮೆಲ್ಲಗೆ ನಡೆಯುತ್ತದೆಂಬ ಕಾರಣದಿಂದ ಕಣ್ಣಿಗೆ ಬೀಳದ ಕಳ್ಳತನ.

ಒಮ್ಮೆಲೇ ಕೊಲ್ಲುವ ಫಿಲ್ಟರುಗಳೂ ಇಲ್ಲದಿಲ್ಲ. ಹೊಲಿಗೆಯಲ್ಲಿ ಬಾಯ್ಬಿಡುವ ಡಬ್ಬಿ, ಬೈಪಾಸ್ ವಾಲ್ವನ್ನೇ ಕೂರಿಸದೆ ಮುಚ್ಚಿದ ಡಬ್ಬಿ, ಒತ್ತಡಕ್ಕೆ ಕುಸಿದು ಎಣ್ಣೆಯ ದಾರಿಯನ್ನು ಮುಚ್ಚುವ ಕೊಳವೆ, ಇವು ಇಂಜಿನ್ನನ್ನು ದಾರಿಯಲ್ಲೇ ಕೆಡವಬಲ್ಲವು. ಆದರೆ ಇವುಗಳಲ್ಲಿ ಒಂದೊಂದೂ ತನ್ನ ಸಾಕ್ಷ್ಯವನ್ನು ಡಬ್ಬಿಯೊಳಗೇ ಬಿಟ್ಟಿರುತ್ತದೆ. ಕೊಳವೆ ಕುಸಿದಿದ್ದರೆ ಕುಸಿದೇ ಕಾಣುತ್ತದೆ. ಮಡಿಕೆಗಳಲ್ಲಿ ಕಪ್ಪು ಜಿಡ್ಡು ಗಟ್ಟಿಕಟ್ಟಿದ್ದರೆ, ಎಣ್ಣೆಯನ್ನು ಸಕಾಲಕ್ಕೆ ಬದಲಿಸದ ಮಾಲೀಕನ ಕಡೆಗೆ ಅದು ಬೆರಳು ತೋರುತ್ತದೆ. ಹೊಳೆಯುವ ಲೋಹದ ಚೂರುಗಳು ಸಿಕ್ಕಿಕೊಂಡಿದ್ದರೆ, ಬೇರಿಂಗು ಸವೆಯುತ್ತಲೇ ಇತ್ತೆಂದೂ ಫಿಲ್ಟರು ತನ್ನ ಶಕ್ತ್ಯನುಸಾರ ಅವನ್ನು ಹಿಡಿಯುತ್ತಿತ್ತೆಂದೂ ತಿಳಿಯುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಇಲ್ಲಿ ಕಣ್ಣಾರೆ ಕಾಣುವ ಮೊದಲೇ ತೀರ್ಪು ಹೊರಬೀಳುತ್ತಿದೆ.

ತೀರ್ಪಿನ ಹಿಂದೆ ಹಣದ ಪ್ರಶ್ನೆಯೂ ಇರುವುದರಿಂದ ಈ ಮಾತನ್ನು ಗಂಭೀರವಾಗಿ ಎತ್ತಬೇಕಾಗಿದೆ. ಹೊರಗಿನ ಅಂಗಡಿಯ ಫಿಲ್ಟರನ್ನು ಹಾಕಿಸಿದಿರಿ, ಆದ್ದರಿಂದ ವಾರಂಟಿ ರದ್ದಾಯಿತು ಎಂಬ ಮಾತನ್ನು ಕೇಳಿದ ಗ್ರಾಹಕರು ನಮ್ಮಲ್ಲಿ ಕಡಿಮೆಯಿಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರ ಮೇಲೆ 2,544 ಕೋಟಿ ರೂಪಾಯಿಗಳಿಗೂ ಮೀರಿದ ದಂಡವನ್ನು ವಿಧಿಸಿದಾಗ, ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದಿದ್ದುದು ಆರೋಪದ ತಿರುಳಾಗಿತ್ತು. ಸ್ವತಂತ್ರ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ತಳ್ಳಿಹಾಕುವ ಷರತ್ತು ಕೂಡದೆಂದೂ ಆ ಆದೇಶ ಸಾರಿತು. ದಂಡದ ವಿಚಾರವಾಗಿ ಮೇಲ್ಮನವಿಗಳು ನಡೆದುದು ಬೇರೆಯ ಕಥೆ. ನ್ಯಾಯದ ದೃಷ್ಟಿಯಿಂದ ವಿಷಯ ಸ್ಪಷ್ಟವಾಗಿದೆ: ಫಿಲ್ಟರೇ ಇಂಜಿನ್ನನ್ನು ಕೆಡಿಸಿತೆಂದು ಹೇಳುವವನು ಆ ಫಿಲ್ಟರನ್ನು ಕುಯ್ದು, ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸತಕ್ಕದ್ದು. ತೋರಿಸಲಾರದವನು ರಿಪೇರಿಯ ಖರ್ಚನ್ನು ಗ್ರಾಹಕನ ತಲೆಗೆ ಕಟ್ಟತಕ್ಕದ್ದಲ್ಲ.

ನನ್ನ ಸಂಗತಿಯಲ್ಲಿ, ಕುಯ್ದ ಫಿಲ್ಟರನ್ನೂ ಆ ಎರಡು ರಿಂಗುಗಳನ್ನೂ ಮೇಜಿನ ಮೇಲಿಟ್ಟ ಬಳಿಕ ಗ್ಯಾರೇಜಿನವರು ಡೂಪ್ಲಿಕೇಟಿನ ಮಾತನ್ನು ಬಿಟ್ಟರು. ಇಂಜಿನ್ ಕೆಲಸದ ಖರ್ಚಿನಲ್ಲಿ ಅರ್ಧವನ್ನು ತಾವೇ ಹೊತ್ತರು. ಅರಸೀಕೆರೆಯ ಮಿಸ್ತ್ರಿ ಆ ಡಬ್ಬಿಯನ್ನು ಗುಜರಿಗೆ ಎಸೆದಿದ್ದರೆ ಅಷ್ಟೂ ದಕ್ಕುತ್ತಿರಲಿಲ್ಲ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಫಿಲ್ಟರನ್ನು ರಸೀದಿ ಕೊಡುವ ಅಂಗಡಿಯಲ್ಲೇ ಕೊಳ್ಳಿರಿ. ರಸೀದಿಯನ್ನೂ ಪೆಟ್ಟಿಗೆಯನ್ನೂ ಮುಂದಿನ ಬದಲಾವಣೆಯವರೆಗೆ ಇಟ್ಟುಕೊಂಡಿರಿ. ಎಣ್ಣೆ ಇಳಿಸುವಾಗ ಐದು ನಿಮಿಷ ಗಾಡಿಯ ಹತ್ತಿರ ನಿಲ್ಲಿರಿ, ಮತ್ತು ಹೊಸ ಫಿಲ್ಟರನ್ನು ಬಿಗಿಯುವ ಮುನ್ನ, ಹಳೆಯ ರಿಂಗು ಹಳೆಯ ಫಿಲ್ಟರಿನ ಜೊತೆಗೇ ಹೊರಕ್ಕೆ ಬಂದಿದೆಯೇ ಎಂಬುದನ್ನು ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿರಿ.