ಆಡಿದ್ದಕ್ಕೂ ಸಂಬಳವೆ?

ದಿನವಿಡೀ ಕುಳಿತು ಆಟವಾಡುವವರಿಗೆ ಸಂಬಳ ಬೇರೆ ಕೊಡಬೇಕೆ? ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸುವುದೂ ಒಂದು ಉದ್ಯೋಗವೆಂದು ಕೇಳಿದೊಡನೆ ಮನೆಯ ಹಿರಿಯರ ಬಾಯಿಂದ ಹೊರಡುವ ಮಾತು ಸಾಮಾನ್ಯವಾಗಿ ಇದೇ. ಆಡಬೇಡವೆಂದು ಮಕ್ಕಳನ್ನು ಗದರಿಸಿ ಗದರಿಸಿ ದಣಿದವರಿಗೆ ಹೀಗನ್ನಿಸುವುದು ಸಹಜವೇ. ಆದರೆ ಸಂಬಳ ಕೊಡಬೇಕಾದವರೂ ಒಮ್ಮೊಮ್ಮೆ ಇದೇ ಮಾತನ್ನು ನಯವಾದ ದನಿಯಲ್ಲಿ ಆಡುವುದುಂಟು: ಎಲ್ಲರಿಗಿಂತ ಮೊದಲೇ ಆಡುವ ಭಾಗ್ಯ ದೊರೆಯಿತಲ್ಲ, ಅದಕ್ಕಿಂತ ಸಂಭಾವನೆ ಬೇಕೆ?

ಪರೀಕ್ಷಕನು ಮಾಡುವುದಾದರೂ ಏನು? ಆಟದಲ್ಲಿ ಒಂದು ಕೋಟೆಯಿದೆಯೆನ್ನಿ. ಆಟಗಾರನು ಬಾಗಿಲಿನಿಂದ ಒಳಹೊಕ್ಕು ತನ್ನ ದಾರಿ ಹಿಡಿಯುತ್ತಾನೆ. ಪರೀಕ್ಷಕನಿಗೆ ಆ ಸ್ವಾತಂತ್ರ್ಯವಿಲ್ಲ. ಕೋಟೆಯ ಗೋಡೆಗೆ ಮೈ ತಾಗಿಸಿಕೊಂಡು ತುದಿಯಿಂದ ತುದಿಯವರೆಗೆ ನಡೆದು, ಎಲ್ಲಿಯಾದರೂ ಕಲ್ಲಿನೊಳಕ್ಕೆ ದೇಹ ತೂರಿಹೋಗುವುದೇ ಎಂದು ನೋಡಬೇಕು. ಓಡುತ್ತ ನೋಡಬೇಕು, ಹಾರುತ್ತ ನೋಡಬೇಕು, ಕತ್ತಿ ಹಿಡಿದೊಮ್ಮೆ, ಬಿಸುಟೊಮ್ಮೆ ನೋಡಬೇಕು. ದೋಷ ಕಂಡರೆ ಅದು ಯಾವ ಯಾವ ಹೆಜ್ಜೆಗಳಿಂದ ಹುಟ್ಟಿತೆಂಬುದನ್ನು ಮರಳಿ ಮರಳಿ ಮಾಡಿ ಖಚಿತಪಡಿಸಿಕೊಂಡು ವರದಿ ಬರೆಯಬೇಕು. ಪ್ರೋಗ್ರಾಮರು ಅದನ್ನು ತಿದ್ದಿದ ಮೇಲೆ ಮತ್ತೆ ಅದೇ ಗೋಡೆ! ಒಂದನ್ನು ತಿದ್ದುವಾಗ ಇನ್ನೊಂದು ನುಸುಳುವುದು ಈ ವೃತ್ತಿಯಲ್ಲಿ ನಿತ್ಯದ ಅನುಭವ. ಇಂಥ ಪರೀಕ್ಷಾ ಕಚೇರಿಗಳು ನಮ್ಮ ಬೆಂಗಳೂರಿನಲ್ಲಿಯೂ ಇವೆ.

ಈ ಪತ್ರಿಕೆಯ ವಾಚಕರಿಗೆ ಒಂದು ಹೋಲಿಕೆ ಹೇಳಬಹುದು. ಧಾರಾವಾಹಿಯ ನಾಯಕಿಗೆ ಮುಂದೇನಾಯಿತೆಂಬ ಕಾತರದಿಂದ ನೀವು ಪುಟ ತಿರುವುತ್ತೀರಿ. ಮುದ್ರಣಾಲಯದಲ್ಲಿ ಪ್ರೂಫ್ ನೋಡುವವರೂ ಅದೇ ಪುಟವನ್ನೇ ಓದುತ್ತಾರೆ. ಆದರೆ ನಾಯಕಿ ಬಾವಿಗೆ ಹಾರುವ ಗಳಿಗೆಯಲ್ಲಿಯೂ ಅವರ ಕಣ್ಣು ಒತ್ತಕ್ಷರದ ಮೇಲೆಯೇ. ಒಬ್ಬರು ಕಾಸು ಕೊಟ್ಟು ಓದುತ್ತಾರೆ, ಇನ್ನೊಬ್ಬರು ಕಾಸು ಪಡೆದು ಓದುತ್ತಾರೆ. ಇದು ವಿಚಿತ್ರವೆಂದು ಇದುವರೆಗೆ ಯಾರಿಗೂ ತೋರಿಲ್ಲ.

ಇರಲಿ, ಎದುರು ವಾದವನ್ನೂ ಕೇಳೋಣ. ಪೂರ್ತಿಯಾಗದ ಆಟವನ್ನು ದುಡ್ಡು ಕೊಟ್ಟು ಕೊಂಡು, ಆಡಿ, ತಪ್ಪುಗಳನ್ನು ತಾವಾಗಿಯೇ ತಿಳಿಸುವ ಜನರಿದ್ದಾರೆ. ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆ ತನ್ನ 'ಬಾಲ್ಡರ್ಸ್ ಗೇಟ್ 3' ಆಟವನ್ನು 2020ರ ಅಕ್ಟೋಬರಿನಲ್ಲಿಯೇ, ಇನ್ನೂ ಅಪೂರ್ಣವೆಂದು ಸಾರಿ, ಸುಮಾರು 60 ಡಾಲರಿಗೆ ಮಾರಿತು. ಆಟ ಪೂರ್ಣರೂಪದಲ್ಲಿ ಹೊರಬಂದದ್ದು 2023ರ ಆಗಸ್ಟಿನಲ್ಲಿ. ಕೊಂಡವರಿಗೆಲ್ಲ ಸಂಬಳ ಕೊಡಬೇಕಿತ್ತೆಂದು ನಾನು ಹೇಳಲಾರೆ. ಬೇಸರವಾದರೆ ಅವರು ಆಟ ಮುಚ್ಚಿಟ್ಟು ಮಲಗಬಹುದಾಗಿತ್ತು. ಕೇಳುವ ಮೇಲಧಿಕಾರಿ ಇರಲಿಲ್ಲ. ಇಂಥವರಿಗೆ ಸಲ್ಲುವ ಮನ್ನಣೆಯೇ ಬೇರೆ. ಅಮೆರಿಕದ ಗಣಕಶಾಸ್ತ್ರಜ್ಞ ಡೊನಾಲ್ಡ್ ಕ್ನೂತ್ ತಮ್ಮ ಗ್ರಂಥಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ತಪ್ಪೊಂದಕ್ಕೆ 2 ಡಾಲರ್ 56 ಸೆಂಟಿನ ಚೆಕ್ಕು ಕಳುಹಿಸುತ್ತಿದ್ದರು. ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರು ಅನೇಕರು. ಬಾಡಿಗೆ ಕಟ್ಟಲು ಆ ಚೆಕ್ಕನ್ನು ನೆಚ್ಚಿದವರು ಯಾರೂ ಇದ್ದಿರಲಾರರು.

ತೊಡಕೆಲ್ಲ ಇರುವುದು ಇವೆರಡರ ನಡುವೆ. 'ಸ್ವಯಂಸೇವಕ'ರೆಂದು ಕರೆದು, ಇಂತಿಷ್ಟು ಗಂಟೆ, ಇಂತಹ ಪಾಳಿ, ಇಂತಹ ವರದಿ ಎಂದು ವಿಧಿಸಿದರೆ? ಅಮೆರಿಕದ ಎಓಎಲ್ ಸಂಸ್ಥೆ ತನ್ನ ಹರಟೆಯ ಕೋಣೆಗಳನ್ನು ನೋಡಿಕೊಳ್ಳಲು ಹೀಗೆಯೇ ಸಾವಿರಾರು ಜನರನ್ನು ಇಟ್ಟುಕೊಂಡಿತ್ತು. ಅವರಿಗೆ ದೊರೆಯುತ್ತಿದ್ದುದು ಚಂದಾದಲ್ಲಿ ವಿನಾಯಿತಿ. ಲಾಭಕ್ಕಾಗಿ ನಡೆಯುವ ಸಂಸ್ಥೆಗೆ ಪುಕ್ಕಟೆ ದುಡಿಮೆ ಸಲ್ಲದೆಂಬುದು ಅಲ್ಲಿಯ 1938ರ ಕಾರ್ಮಿಕ ಕಾಯಿದೆಯ ನಿಲುವು. 1999ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2010ರಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಆಟದ ಪರೀಕ್ಷೆಗೂ ನಾನು ಇದೇ ಅಳತೆಗೋಲನ್ನು ಹಿಡಿಯುತ್ತೇನೆ: ಎದ್ದುಹೋಗಲು ಅಪ್ಪಣೆ ಬೇಕಾದವನು ನೌಕರ, ಅವನಿಗೆ ವೇತನ ಸಲ್ಲಬೇಕು.

ಸಂಬಳ ಬಂದ ಮಾತ್ರಕ್ಕೆ ಕಥೆ ಸುಖಾಂತವಾಯಿತೆಂದೂ ಭಾವಿಸಬೇಕಾಗಿಲ್ಲ. ವಿಸ್ಕಾನ್ಸಿನ್ ರಾಜ್ಯದ ರೇವನ್ ಸಾಫ್ಟ್‌ವೇರ್, 'ಕಾಲ್ ಆಫ್ ಡ್ಯೂಟಿ' ಎಂಬ ಪ್ರಸಿದ್ಧ ಯುದ್ಧದಾಟದಲ್ಲಿ ಕೈಯಿರುವ ಸಂಸ್ಥೆ. 2021ರ ಡಿಸೆಂಬರಿನಲ್ಲಿ ಅಲ್ಲಿಯ ಹನ್ನೆರಡು ಮಂದಿ ಪರೀಕ್ಷಕರಿಗೆ, ಗುತ್ತಿಗೆ ಮುಗಿಯಿತು, ಇನ್ನು ನಡೆಯಿರಿ ಎಂಬ ಸೂಚನೆ ಬಂತು. ಸಂಗಡಿಗರು ಕೆಲಸ ನಿಲ್ಲಿಸಿ ಹೊರನಡೆದರು. ಮರುವರ್ಷದ ಏಪ್ರಿಲಿನಲ್ಲಿ ಮಾತೃಸಂಸ್ಥೆಯಾದ ಆಕ್ಟಿವಿಷನ್, ಸುಮಾರು 1,100 ಪರೀಕ್ಷಕರನ್ನು ಖಾಯಂ ಮಾಡಿ ಗಂಟೆಗೆ ಕನಿಷ್ಠ 20 ಡಾಲರ್ ಕೊಡುವುದಾಗಿ ಪ್ರಕಟಿಸಿತು. ಆದರೆ ಸಂಘ ಕಟ್ಟಲು ಹೊರಟಿದ್ದ ರೇವನ್‌ನವರಿಗೆ ಮಾತ್ರ ಆ ಏರಿಕೆಯಿಲ್ಲ! ಕಾರ್ಮಿಕ ಕಾಯಿದೆ ಅಡ್ಡಬರುತ್ತದೆಂದು ಸಂಸ್ಥೆಯ ಸಮಜಾಯಿಷಿ. ಕಾಯಿದೆಯ ಮೇಲೆ ಧಣಿಗಳಿಗೆ ಇಷ್ಟು ಭಕ್ತಿ ಉಕ್ಕುವುದು ಅಪರೂಪ.

ಆ ಮೇ ತಿಂಗಳಲ್ಲಿ ಮತದಾನ ನಡೆದು, 19ಕ್ಕೆ 3 ಮತಗಳಿಂದ ಸಂಘ ಗೆದ್ದಿತು. 2023ರಲ್ಲಿ ಸಂಸ್ಥೆಯೇ ಮೈಕ್ರೋಸಾಫ್ಟ್ ಪಾಲಾಯಿತು. ವೇತನದ ಏರಿಕೆಗೂ ಕಡ್ಡಾಯದ ಹೆಚ್ಚುವರಿ ದುಡಿಮೆಯ ಮಿತಿಗೂ ಒಪ್ಪಂದವಾಗುವ ವೇಳೆಗೆ 2025 ಬಂದಿತ್ತು.