ಮೊದಲು ಹಿಂದಿನ ಲೈಟು, ಆಮೇಲೆ ಹಾಡು

ಕಬ್ಬಿನ ಹಂಗಾಮು ಶುರುವಾದರೆ ಜಮಖಂಡಿ–ಮುಧೋಳ ರಸ್ತೆಯಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕೇಳುತ್ತದೆ. ಮುಂದೆ ನಾಲ್ಕು ಹೆಚ್ಚುವರಿ ಲೈಟು, ಛತ್ತಿನ ಮೇಲೆ ಬಣ್ಣಬಣ್ಣದ ಎಲ್‌ಇಡಿ, ಸೀಟಿನ ಪಕ್ಕ ದೊಡ್ಡ ಸೌಂಡ್ ಬಾಕ್ಸ್. ಹಿಂದೆ ಎರಡು ಟ್ರೇಲರ್ ಕಬ್ಬು. ಎರಡನೇ ಟ್ರೇಲರ್‌ನ ಹಿಂದೆ ಮಾತ್ರ ಕತ್ತಲು. ಬೀಳಗಿ ಕಡೆ ಹೋದರೂ ಅಷ್ಟೇ, ರಬಕವಿ-ಬನಹಟ್ಟಿ ಕಡೆ ಹೋದರೂ ಅಷ್ಟೇ. ರಾತ್ರಿ ಬೈಕ್ ಮೇಲೆ ಬರುವವನಿಗೆ ಹಾಡು ಕೇಳುತ್ತದೆ, ಟ್ರೇಲರ್ ಕಾಣುವುದಿಲ್ಲ.

ಚಾಲಕರನ್ನು ಬೈಯುವುದು ಸುಲಭ. ಆದರೆ ಬಹಳ ಸಲ ಟ್ರೇಲರ್‌ಗೆ ಲೈಟು ಇರುತ್ತದೆ, ಉರಿಯುವುದಿಲ್ಲ. ತಪ್ಪು ವೈರಿನ ಜಾಯಿಂಟಿನದು. ಇದು ನನಗೆ ಹೇಗೆ ಗೊತ್ತೆಂದರೆ, ಅಂಥ ಜಾಯಿಂಟುಗಳನ್ನು ನಾನೇ ಹಾಕಿದ್ದೇನೆ. ರವಿವಾರ ಮತ್ತು ರಜೆಯ ದಿನ ನಮ್ಮ ಮಾಮೂ ಅವರ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಇರುತ್ತೇನೆ. ವೈರಿನ ತುದಿ ಹಲ್ಲಿನಿಂದ ಸುಲಿದು, ಎರಡನ್ನೂ ತಿರುವಿ, ಕರಿ ಟೇಪು ಸುತ್ತುವುದು ಎರಡು ನಿಮಿಷದ ಕೆಲಸ. ಅಂಗಡಿ ಬಿಡುವಾಗ ಲೈಟು ಚೆನ್ನಾಗಿ ಉರಿಯುತ್ತದೆ. ಹೊಲದ ಹಾದಿಯಲ್ಲಿ ನಾಲ್ಕು ದಿನ ಕುಲುಕಿದ ಮೇಲೆ ತಿರುವು ಸಡಿಲಾಗುತ್ತದೆ. ಬಿಸಿಲಿಗೆ ಟೇಪಿನ ಅಂಟು ಬಿಡುತ್ತದೆ, ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ.

ಕಳೆದ ಹಂಗಾಮಿನಲ್ಲಿ ನಾನು ಹೀಗೆ ಜೋಡಿಸಿದ್ದ ಒಂದು ಟ್ರೇಲರ್‌ಗೆ ಹಿಂದಿನಿಂದ ಬೈಕ್ ಬಡಿಯಿತು. ಸವಾರನ ಕೈ ಮುರಿಯಿತು, ಜೀವ ಉಳಿಯಿತು. ಟ್ರ್ಯಾಕ್ಟರ್ ಅಂಗಡಿಗೆ ಬಂದಾಗ ನೋಡಿದೆ, ಬಲ್ಬು ಸರಿಯಾಗೇ ಇತ್ತು. ಟೇಪು ಬಿಚ್ಚಿದೆ. ಎರಡು ವೈರು ಬೇರೆಬೇರೆಯಾಗಿ ಕೈಗೆ ಬಂದವು.

ವಿಜ್ಞಾನ ವಿಭಾಗದವರು ನಗಬಾರದು, ಲೆಕ್ಕ ನಮಗೂ ಬರುತ್ತದೆ. 60 ವ್ಯಾಟಿನ ಎರಡು ಲೈಟು ಎಂದರೆ 120 ವ್ಯಾಟ್. ಮನೆಯ 230 ವೋಲ್ಟಿನಲ್ಲಿ ಇದಕ್ಕೆ ಸುಮಾರು ಅರ್ಧ ಆಂಪಿಯರ್ ಸಾಕು. ಗಾಡಿಯ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಸಡಿಲ ಜಾಯಿಂಟಿನಲ್ಲಿ 0.1 ಓಮ್ ರೋಧ ಸೇರಿದರೂ 1 ವೋಲ್ಟ್ ಅಲ್ಲೇ ಹೋಗಿ, 10 ವ್ಯಾಟ್ ಶಾಖ ಟೇಪಿನೊಳಗೇ ಹುಟ್ಟುತ್ತದೆ. ಫ್ಯೂಸ್ ಇದನ್ನು ತಡೆಯದು, ಏಕೆಂದರೆ ಕರೆಂಟು ಹೆಚ್ಚಾಗಿರುವುದಿಲ್ಲ. ಫ್ಯೂಸ್ ಬೇಕಾಗುವುದು ವೈರು ಬಾಡಿಗೆ ತಾಗಿ ಶಾರ್ಟ್ ಆದಾಗ. ಅದಕ್ಕೇ ಅದನ್ನು ಬ್ಯಾಟರಿ ಹತ್ತಿರವೇ ಹಾಕಬೇಕು. (ಹಾರಿದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕುವ ಜಾಣರೂ ಇದ್ದಾರೆ.) ಕಾರಿಗೆ ಹಾರ್ನು, ಕ್ಯಾಮೆರಾ ಹಾಕಿಸುವವರಿಗೂ ಇದೇ ಲೆಕ್ಕ.

ಸರಿಯಾದ ಕೆಲಸಕ್ಕೆ ಬೇಕಾದದ್ದು ತಕ್ಕ ದಪ್ಪದ ವೈರು, ಅದರ ಅಳತೆಯ ಲಗ್ಗು, ಲಗ್ಗು ಒತ್ತುವ ಕ್ರಿಂಪಿಂಗ್ ಇಕ್ಕಳ, ಕಾಯಿಸಿದರೆ ಬಿಗಿಯಾಗುವ ಸ್ಲೀವ್. ದೊಡ್ಡ ಲೈಟಿಗೆ ರಿಲೇ. ಸೋಲ್ಡರ್ ಹಾಕಿದರೆ ಇನ್ನೂ ಗಟ್ಟಿ ಎಂದುಕೊಂಡಿದ್ದೆ. ಆದರೆ ಸೋಲ್ಡರ್ ಇಳಿದ ಎಳೆಗಳು ಬಿರುಸಾಗಿ, ಕುಲುಕಾಟಕ್ಕೆ ಅದರ ಅಂಚಿನಲ್ಲೇ ಮುರಿಯುತ್ತವೆ. ಟ್ರೇಲರ್‌ನ ಅರ್ಥ್ ಅನ್ನು ಕೊಂಡಿಯ ಪಿನ್ನಿನ ಮೇಲೆ ನಂಬಿ ಬಿಡಲೂಬಾರದು. ಅಲ್ಲಿ ತುಕ್ಕು, ಗ್ರೀಸು ಎರಡೂ ಇರುತ್ತವೆ. ಅರ್ಥಿಗೂ ಬೇರೆ ವೈರು ಎಳೆಯಬೇಕು.

ಇಷ್ಟನ್ನೂ ಮಾಡಿದರೆ ಪಕ್ಕದ ಅಂಗಡಿಗಿಂತ ಬಿಲ್ಲು ಹೆಚ್ಚಾಗುತ್ತದೆ, ಗಿರಾಕಿ ಅಲ್ಲಿಗೇ ಹೋಗುತ್ತಾನೆ ಎನ್ನುತ್ತಾರೆ ಮಾಮೂ. ಅವರ ಮಾತು ಸುಳ್ಳಲ್ಲ. ಸೌಂಡ್ ಬಾಕ್ಸಿಗೆ ಸಾವಿರಗಟ್ಟಲೆ ಎಣಿಸಿಕೊಟ್ಟವರೇ ಲಗ್ಗಿನ ಮಾತು ಬಂದರೆ "ಸಾಕ್ ಬಿಡ್ರಿ, ಟೇಪ್ ಸುತ್ತಿ ಕೊಡ್ರಿ" ಎನ್ನುತ್ತಾರೆ. ಬಾಕ್ಸು ಊರಿಗೆಲ್ಲ ಕಾಣುತ್ತದೆ, ಜಾಯಿಂಟು ಯಾರಿಗೂ ಕಾಣುವುದಿಲ್ಲ. ಕಾಣದ ಸರಕಿಗೆ ಬೆಲೆ ಕಟ್ಟುವುದು ಹೇಗೆ ಎಂಬುದು ವಾಣಿಜ್ಯದ ಪ್ರಶ್ನೆಯೇ ತಾನೆ?

ನನ್ನ ಪ್ರಕಾರ ಅದನ್ನು ಬಿಲ್ಲಿನಲ್ಲಿ ಕಾಣಿಸಬೇಕು: ಲಗ್ಗು ಇಷ್ಟು, ಫ್ಯೂಸು ಇಷ್ಟು, ಕೂಲಿ ಇಷ್ಟು. ಇನ್ನೊಂದು ಜಾಗ ಕಾರ್ಖಾನೆಯ ಗೇಟು. ಅಲ್ಲಿ ಟ್ರ್ಯಾಕ್ಟರ್‌ಗಳು ತಾಸುಗಟ್ಟಲೆ ಸಾಲಿನಲ್ಲಿ ನಿಲ್ಲುತ್ತವೆ. ತೂಕಕ್ಕೆ ಬಿಡುವ ಮೊದಲು ಒಮ್ಮೆ ಹಿಂದಿನ ಲೈಟು ಹಚ್ಚಿಸಿ ನೋಡಲು ಒಂದು ನಿಮಿಷವೂ ಬೇಡ. ಕೆಂಪು ರಿಫ್ಲೆಕ್ಟರ್ ಅಂಟಿಸುವುದು ಒಳ್ಳೆಯದೇ, ಆದರೆ ಜೋತುಬಿದ್ದ ಕಬ್ಬಿನ ರವದಿ ಅದನ್ನು ಮುಚ್ಚಿಬಿಡುತ್ತದೆ.

ಆ ಟ್ರೇಲರ್‌ನ ವೈರಿಂಗ್ ಪೂರ್ತಿ ಬಿಚ್ಚಿ ಲಗ್ಗು ಹಾಕಿ ಕೊಟ್ಟೆ, ಹಣ ಕೇಳಲಿಲ್ಲ. ಈ ಹಂಗಾಮಿನಿಂದ ಬಿಲ್ಲಿನಲ್ಲಿ "ಜಾಯಿಂಟ್ ಕೂಲಿ" ಎಂದು ಬೇರೆ ಸಾಲು ಬರೆಯುತ್ತಿದ್ದೇನೆ. ಮಾಮೂ ಇನ್ನೂ ಒಪ್ಪಿಲ್ಲ, ಆದರೆ ಹೊಡೆದೂ ಹಾಕಿಲ್ಲ.