ದಿನವಿಡೀ ಕಿವಿ ಮುಚ್ಚುವುದು ರಕ್ಷಣೆಯಲ್ಲ

ಟಿನ್ನಿಟಸ್, ಅಂದರೆ ಹೊರಗೆ ಯಾವ ಸದ್ದೂ ಇಲ್ಲದಾಗಲೂ ಕಿವಿಯೊಳಗೆ ಕೇಳಿಬರುವ ಗುಂಯ್‌ಗುಡುವಿಕೆ ಇರುವವರು ಎದ್ದಾಗಿನಿಂದ ಮಲಗುವವರೆಗೆ ಕಿವಿ ಮುಚ್ಚಿಕೊಂಡೇ ಇರಬೇಕೆಂದು ಪ್ರಕಟಿತ ಲೇಖನವೊಂದು ನೀಡಿದ ಸಲಹೆಯು ಸದುದ್ದೇಶದ್ದಾದರೂ ಅರೆಬೆಂದ ವಾದ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಮುಂದೆಯೋ ಕಬ್ಬಿಣ ಉಜ್ಜುವ ಗ್ರೈಂಡರ್ ಬಳಿಯೋ ನಿಲ್ಲುವವರಿಗೆ ರಕ್ಷಣೆ ಬೇಕೇ ಬೇಕು; ಸದ್ದಿನ ಅಳತೆಯಾದ ಡೆಸಿಬೆಲ್ 85ರಲ್ಲಿದ್ದಾಗ ದಿನಕ್ಕೆ 8 ಗಂಟೆ ಸುರಕ್ಷಿತ ಮಿತಿಯೆಂದು ತಜ್ಞರು ಹೇಳುವುದಾದರೂ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುವುದರಿಂದ 100 ಡೆಸಿಬೆಲ್‌ನಲ್ಲಿ ಉಳಿಯುವುದು ಕಾಲು ಗಂಟೆ ಮಾತ್ರ. ಅಲ್ಲಿ ಹತ್ತಿಯ ಉಂಡೆ ಹೆಸರಿಗಷ್ಟೇ. ಬೆರಳಲ್ಲಿ ಹೊಸೆದು ತೆಳ್ಳಗಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಉಬ್ಬುವವರೆಗೆ ಒತ್ತಿಹಿಡಿಯುವ ಫೋಮ್ ಇಯರ್‌ಪ್ಲಗ್ ಬೇಕು. ಆದರೆ ಶಿಫ್ಟ್ ಮುಗಿಸಿ ಮನೆಗೆ ಬಂದ ಮೇಲೂ ಅದನ್ನು ತೆಗೆಯದಿದ್ದರೆ, ಹೊರಗಿನ ಸದ್ದು ಕುಗ್ಗಿದಂತೆ ಶ್ರವಣವ್ಯವಸ್ಥೆಯು ತನ್ನ ಸಂವೇದನೆಯನ್ನು ಏರಿಸಿಕೊಂಡು, ಒಳಗಿನ ಗುಂಯ್‌ಗುಡುವಿಕೆ ಇನ್ನಷ್ಟು ಎದ್ದುಕೇಳುತ್ತದೆ, ಪಾತ್ರೆ ತಾಗಿದ ಸದ್ದೂ ಅಸಹನೀಯವಾಗಬಹುದು. ಇನ್ನು, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ವಿಧಿಸಿರುವಾಗ, ಮನೆಗೋಡೆಗೆ ಅಂಟಿಕೊಂಡ ಯಂತ್ರದ ಗದ್ದಲವನ್ನೂ ನರಳುವವರ ಕಿವಿಯ ಹೊಣೆಗೇ ಬಿಟ್ಟುಬಿಡುವುದು ಆ ಲೇಖನದ ಬಲು ಅನುಕೂಲಕರ ಮರೆವು.